ಎರಡು ಬೆರಳಷ್ಟು ಕಿಟಕಿ

ಅಕಿತಾ, ಜಪಾನ್
೧೧ ಫೆಬ್ರುವರಿ ೨೦೧೯

ಪ್ರೀತಿಯ ತೀತಾ ಫೆಲಿ,

ರೋಡೆಲ್‌ನ ಸಾಮಾನನ್ನು ಇವತ್ತು ಅಂಚೆಗೆ ಹಾಕಿದೆ. ಎರಡು ಪೆಟ್ಟಿಗೆ. ಮೂರು ವಾರದೊಳಗೆ ಬೂಲಾ ತಲುಪುತ್ತವೆ ಎಂದರು.

ನಿಮ್ಮ ಮಗ ಕರೆ ಮಾಡಿದಾಗ ನೀವು ನನ್ನನ್ನು ಫೋನಿನ ಪರದೆಯಲ್ಲಷ್ಟೇ ನೋಡಿದ್ದೀರಿ, ಅವನ ಹೆಗಲ ಹಿಂದಿನಿಂದ ಕೈಬೀಸುವವಳನ್ನು. ಎರಡು ವರ್ಷ ಈ ಸಣ್ಣ ಊರಿನಲ್ಲಿ ಅವನು ಪ್ರೌಢಶಾಲೆಗೆ, ನಾನು ಪ್ರಾಥಮಿಕ ಶಾಲೆಗೆ ಇಂಗ್ಲಿಷ್ ಕಲಿಸಿದೆವು. ಊರಿಗೆ ನಾವಿಬ್ಬರೇ ಫಿಲಿಪಿನೊಗಳು. ನೀವು ಅವನನ್ನು ಮಣ್ಣು ಮಾಡಿದ ಹೊತ್ತಿಗೆ ನಾನು ಎರಡನೇ ತರಗತಿಗೆ ಬಣ್ಣಗಳ ಹೆಸರು ಹೇಳಿಕೊಡುತ್ತಿದ್ದೆ. ರಜೆ ಕೊಡುತ್ತೇವೆ ಎಂದಿದ್ದರು. ನಾನೇ ಬೇಡ ಎಂದೆ.

ಮೊದಲ ಪೆಟ್ಟಿಗೆಯಲ್ಲಿ ಬಟ್ಟೆಗಳಿವೆ. ನೀವು ಹೊಲಿದ ನೀಲಿ ಚೌಕಳಿ ಅಂಗಿಯನ್ನು ಒಗೆದಿಲ್ಲ, ಹಾಗೇ ಇಟ್ಟಿದ್ದೇನೆ. ಎರಡನೆಯದರಲ್ಲಿ ಪುಸ್ತಕ, ಮಕ್ಕಳು ಬರೆದ ಕಾರ್ಡುಗಳು, ಅರ್ಧ ಉಳಿದ ಹುಣಸೆಹುಳಿ ಪುಡಿಯ ಪೊಟ್ಟಣ. ಅವನ ಫೋನನ್ನು ಪೊಲೀಸರು ಕೊಟ್ಟ ಚೀಲದಲ್ಲೇ ಇಟ್ಟಿದ್ದೇನೆ. ಅದು ಆರಿಹೋಗಿದೆ, ತೆರೆಯುವ ಸಂಖ್ಯೆ ನನಗೆ ಗೊತ್ತಿಲ್ಲ.

ಆ ಮಧ್ಯಾಹ್ನದ ಬಗ್ಗೆ ಈಗ ಬರೆಯಲಾರೆ. ನಿದ್ದೆ ಬಂದಂತೆ ಆಗಿರುತ್ತದೆ, ನೋವು ತಿಳಿದಿರುವುದಿಲ್ಲ ಎಂದು ವೈದ್ಯರು ಹೇಳಿದರು. ಕಾರಿನೊಳಗೆ ಬೆಚ್ಚಗಿತ್ತು. ಇಷ್ಟನ್ನು ನಂಬಿ.

ಫೋನು ಮಾಡದ್ದಕ್ಕೆ ಕ್ಷಮಿಸಿ. ನಿಮ್ಮ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ.

ನಿಮ್ಮ,
ಮಾರಿವಿಕ್

&nbsp;

ಬೂಲಾ, ಕಾಮರಿನೆಸ್ ಸುರ್, ಫಿಲಿಪೀನ್ಸ್
೯ ಮಾರ್ಚ್ ೨೦೧೯

ಮಗಳೇ ಮಾರಿವಿಕ್,

ಪೆಟ್ಟಿಗೆಗಳು ಬಂದವು. ನಲವತ್ತನೆಯ ದಿನದ ಪ್ರಾರ್ಥನೆ ಬುಧವಾರ ಮುಗಿಯಿತು. ಬಂದವರಿಗೆ ಅನ್ನ, ಮೀನು, ಬೆಲ್ಲದ ಅಕ್ಕಿಕಡುಬು ಮಾಡಿದ್ದೆವು. ಎಲ್ಲರೂ ಚೆನ್ನಾಗಿ ಉಂಡರು.

ಅಂಗಿ ಒಗೆಯದೆ ಕಳಿಸಿದ್ದು ಒಳ್ಳೆಯದಾಯಿತು.

ಅವನ ಅಪ್ಪ ಅಂಬೊ ಬೆಳಿಗ್ಗೆ ಎದ್ದು ತಮ್ಮ ಬಾಡಿಗೆ ಮೋಟಾರು ಟ್ರೈಸಿಕಲ್ ಒರೆಸುತ್ತಾರೆ, ಅದರಲ್ಲಿ ಕೂರುತ್ತಾರೆ, ಗಾಡಿ ಶುರು ಮಾಡುವುದಿಲ್ಲ. ಮಧ್ಯಾಹ್ನ ಊಟಕ್ಕೆ ಏಳುತ್ತಾರೆ. ನಿನ್ನ ಮೇಲೆ ಅವರಿಗೆ ಸಿಟ್ಟಿದೆ. ಮುಚ್ಚಿಡುವುದು ಯಾಕೆ? "ಮೂರು ಜನ ಹೋದ ಮೇಲೆ ಮೂರು ಜನವೂ ಒಟ್ಟಿಗೆ ಇರಬೇಕಿತ್ತು. ಕೆಮ್ಮೋ ಹುಡುಗನ್ನ ಬಿಟ್ಟು ಇಬ್ಬರೂ ಎಲ್ಲಿಗೆ ಹೋದರು?" ಎನ್ನುತ್ತಾರೆ. ನಾನು ಹಾಗೆ ಕೇಳುವುದಿಲ್ಲ.

ಹಿಮ ಎಂದರೆ ನನಗೆ ಗೊತ್ತಿಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದನ್ನು ಚಮಚದಲ್ಲಿ ಕೆರೆದು ಅಂಗೈಯಲ್ಲಿಟ್ಟು ನೋಡಿದೆ. ಇದು ಹೇಗೆ ಒಬ್ಬ ಗಂಡಸನ್ನು ಕೊಲ್ಲುತ್ತದೆ ಎಂದು ತಿಳಿಯಲಿಲ್ಲ. ರಾಯಭಾರ ಕಚೇರಿಯವರು ಕಳಿಸಿದ ಕಾಗದವನ್ನು ಪಾದ್ರಿಗಳು ಓದಿ ಹೇಳಿದರು. ಹಿಂದಿನ ಹೊಗೆಕೊಳವೆಯನ್ನು ಹಿಮ ಮುಚ್ಚಿತು, ವಿಷಗಾಳಿ ಕಾರಿನೊಳಗೆ ತುಂಬಿತು. ಕಿಟಕಿಗಳೆಲ್ಲ ಮುಚ್ಚಿದ್ದವು ಎಂದು ಅದರಲ್ಲಿ ಬರೆದಿದೆ.

ಒಂದೇ ಒಂದು ಪ್ರಶ್ನೆ. ನೀನು ಕಾರು ಬಿಟ್ಟು ಹೋಗುವಾಗ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ?

ದೇವರು ನಿನ್ನನ್ನು ಕಾಯಲಿ.

ಫೆಲಿಸಿತಾಸ್ ಒಲಿವಾನ್

&nbsp;

ಅಕಿತಾ
೨೪ ಮಾರ್ಚ್ ೨೦೧೯

ಪ್ರೀತಿಯ ತೀತಾ ಫೆಲಿ,

ನಿಮ್ಮ ಕಾಗದವನ್ನು ಎಂಟು ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ. ತೀತೊ ಅಂಬೊ ಕೇಳುವುದು ಸರಿ. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ಬೆಟ್ಟದಾಚೆ ಬಿಸಿನೀರಿನ ಬುಗ್ಗೆಗಳ ಊರಿದೆ. ಅಲ್ಲಿನ ಒಂದು ವಸತಿಗೃಹದ ಅಡುಗೆಮನೆಯಲ್ಲಿ ಮನಾಯ್ ಲೂಸ್ ಎಂಬ ನಮ್ಮ ಕಡೆಯ ಹೆಂಗಸು ಕೆಲಸ ಮಾಡುತ್ತಾಳೆ. ತಿಂಗಳಿಗೊಮ್ಮೆ ಶನಿವಾರ ಸುತ್ತಲ ಊರುಗಳ ಫಿಲಿಪಿನೊಗಳನ್ನೆಲ್ಲ ಕರೆದು ಅಡುಗೆ ಮಾಡಿ ಹಾಕುತ್ತಾಳೆ. ರೋಡೆಲ್ ನಾಲ್ಕು ದಿನದಿಂದ ಕೆಮ್ಮುತ್ತಿದ್ದ. ಬೇಡ ಎಂದರೆ ಕೇಳಲಿಲ್ಲ. "ಈ ಕೆಮ್ಮಿಗೆ ಬೇಕಾಗಿರೋದೇ ಮನಾಯ್ ಲೂಸ್ ಮಾಡೋ ಸಿನಿಗಾಂಗ್ ಸಾರು. ಹುಳಿ ಗಂಟಲಿಗೆ ಇಳಿದರೆ ಕಫ ತಾನಾಗೇ ಕಾಲು ಕೀಳುತ್ತೆ" ಎಂದ.

ಕಾರು ಕಾರ್ಮಾಕ್‌ನದು. ಅವನು ಪಕ್ಕದ ಊರಿನ ಐರಿಷ್ ಮೇಷ್ಟ್ರು, ನಮಗಿಂತ ಒಂದು ವರ್ಷ ಹಿಂದೆ ಬಂದವನು. ಪೆಟ್ಟಿಗೆಯಂಥ ಪುಟ್ಟ ಹಳದಿ ಕಾರು, ಹಿಂದೆ ಡಿಕ್ಕಿ ಎಂದರೆ ಎರಡು ಚೀಲಕ್ಕೆ ಮುಗಿಯಿತು. ಬರಿಗೈಯಲ್ಲಿ ಹೋಗುವುದು ಹೇಗೆ? ರೋಡೆಲ್ ಮೀನಂಗಡಿಯವನ ಹತ್ತಿರ ಎಂಟು ಸಾಲ್ಮನ್ ತಲೆ ಕೇಳಿ ತಂದು ಐಸ್‌ಪೆಟ್ಟಿಗೆಯಲ್ಲಿ ತುಂಬಿಸಿದ್ದ. ಅದಕ್ಕೆ ಜಾಗ ಸಾಲದೆ ಡಿಕ್ಕಿಯಿಂದ ಕೆಲವು ಸಾಮಾನು ಕೆಳಗಿಳಿಸಬೇಕಾಯಿತು.

ಕಾರ್ಮಾಕ್ ಪೆಟ್ಟಿಗೆ ತೆಗೆದು ನೋಡಿ ಮೂಗು ಮುಚ್ಚಿಕೊಂಡ. "ಬರೀ ತಲೆಗಳೇ ಅಲ್ವೇನೋ! ನೀವು ತಲೆ ತಿಂದರೆ ಮೈ ಯಾರಿಗೆ ಬಿಡ್ತೀರಿ?"

"ಮೈ ನಿಮ್ಮಂಥೋರಿಗೆ. ನಾಲಿಗೆ ಇಲ್ದೋರಿಗೆ" ಎಂದ ರೋಡೆಲ್.

"ಆಲೂಗಡ್ಡೆ ತಿಂದ ನಾಲಿಗೆ ಸ್ವಾಮಿ ಇದು. ಅವಮಾನ ಮಾಡಬೇಡ."

"ಅದಕ್ಕೇ ಹೇಳಿದ್ದು, ಇಲ್ಲ ಅಂತ."

ಬೆಟ್ಟದ ಬುಡದವರೆಗೂ ಹೀಗೇ. ಎರಡು ಗಂಟೆಗೆ ಹೊರಟಾಗ ಬಿಸಿಲಿತ್ತು. ಮೂರು ಗಂಟೆಗೆ ಕಾರಿನ ಮೂತಿಯೇ ಕಾಣದಷ್ಟು ಹಿಮಗಾಳಿ. ಮೂರೂವರೆಗೆ ಚಕ್ರ ಹೂತು ನಿಂತೆವು. ನಾನು ರಸ್ತೆ ಸಹಾಯದವರಿಗೆ ಫೋನು ಮಾಡಿದೆ. ಕೆಳಗೆ ಲಾರಿಗಳು ಅಡ್ಡ ನಿಂತಿವೆ, ಮೂರು ಗಂಟೆಯಾದರೂ ಬೇಕು ಎಂದರು. ಕಾರ್ಮಾಕ್ ಐಸ್‌ಪೆಟ್ಟಿಗೆಯ ಮುಚ್ಚಳದಿಂದ ಚಕ್ರದ ಸುತ್ತ, ಹಿಂದಿನ ಕೊಳವೆಯ ಸುತ್ತ ಗೋರಿದ. ಗೋರಿದಷ್ಟೇ ಬಂದು ತುಂಬಿಕೊಳ್ಳುತ್ತಿತ್ತು.

ಗಾಳಿ ಒಂದು ಕ್ಷಣ ತಗ್ಗಿದಾಗ ಕೆಳಗಿನ ತಿರುವಿನಲ್ಲಿ ಒಂದು ದೀಪ ಕಂಡಿತು. ಮನೆಯಿದ್ದರೆ ಸಹಾಯ ಸಿಗುತ್ತದೆ. ಜಪಾನಿ ಭಾಷೆ ಬರುವುದು ನನಗೆ, ಹಿಮದಲ್ಲಿ ದಾರಿ ಮಾಡುವ ಶಕ್ತಿ ಕಾರ್ಮಾಕ್‌ಗೆ. ರೋಡೆಲ್‌ನ ಕಾಲಲ್ಲಿದ್ದದ್ದು ಕ್ಯಾನ್ವಾಸ್ ಷೂ. ಅವನೂ ಬರುತ್ತೇನೆ ಎಂದು ಹಟ ಮಾಡಿದ. ಬೆಚ್ಚಗಿರಲೆಂದು ಇಂಜಿನ್ ಓಡುತ್ತಿರುವಂತೆಯೇ ಬಿಟ್ಟು, ನಾನೇ ಗದರಿಸಿ ಕೂರಿಸಿದೆ.

"ಆಯ್ತು ಮೇಡಂ. ಬರ್ತಾ ಏನಾದ್ರೂ ಬಿಸೀದು ತನ್ನಿ. ಅಲ್ಲೀವರೆಗೆ ತಲೆಗಳನ್ನ ನಾನು ಕಾಯ್ತೀನಿ" ಎಂದ. ಇದೇ ಅವನ ಕೊನೆಯ ಮಾತು.

ದೀಪದ ಹತ್ತಿರ ಹೋಗಲು ಅರ್ಧ ಗಂಟೆ ಹಿಡಿಯಿತು. ಅದು ಮನೆಯಲ್ಲ. ಚಳಿಗಾಲಕ್ಕೆ ಬಾಗಿಲು ಹಾಕಿದ ಅಂಗಡಿಯ ಮುಂದೆ ಪಾನೀಯ ಮಾರುವ ಯಂತ್ರ, ಅದರ ದೀಪ. ಸುತ್ತಲೂ ಬಾಗಿಲು ತಟ್ಟುತ್ತ ಕೂಗುತ್ತ ಇನ್ನೂ ಅಷ್ಟೇ ಹೊತ್ತು ಕಳೆದೆವು. ಕೊನೆಗೆ ಯಂತ್ರದಿಂದ ಜೋಳದ ಸೂಪಿನ ಮೂರು ಬಿಸಿ ಡಬ್ಬಿ ತೆಗೆದುಕೊಂಡು ಹತ್ತಲು ಶುರುಮಾಡಿದೆವು.

ಹಳದಿ ಬಣ್ಣ ಕಾಣದಂತೆ ಕಾರು ಮುಚ್ಚಿತ್ತು. ಕೈಯಲ್ಲಿ ಬಗೆದು ಬಾಗಿಲು ತೆಗೆದಾಗ ಅವನು ಮುಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದ. ಬಿಸಿನೀರಿನಿಂದ ಆಗತಾನೇ ಎದ್ದು ಬಂದವನ ಹಾಗೆ ಮುಖ ಕೆಂಪಗಿತ್ತು. ಕಾರ್ಮಾಕ್ ಅವನನ್ನು ಹಿಮದ ಮೇಲೆಳೆದು ಎದೆ ಒತ್ತುತ್ತಲೇ ಇದ್ದ, ಆಂಬ್ಯುಲೆನ್ಸಿನವರು ಕೈ ಹಿಡಿದು ನಿಲ್ಲಿಸುವವರೆಗೆ. ನನ್ನ ಜೇಬಿನಲ್ಲಿ ಮೂರನೆಯ ಡಬ್ಬಿ ಇನ್ನೂ ಉಗುರುಬೆಚ್ಚಗಿತ್ತು.

ಕಾರ್ಮಾಕ್ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋದ. ಅವನಿಂದ ಕಾಗದವಿಲ್ಲ.

ಉಳಿದದ್ದು ರಾಯಭಾರ ಕಚೇರಿಯ ಕಾಗದದಲ್ಲಿದೆ.

ನಿಮ್ಮ,
ಮಾರಿವಿಕ್

&nbsp;

ಬೂಲಾ
೨೦ ಏಪ್ರಿಲ್ ೨೦೧೯

ಮಾರಿವಿಕ್,

ಐದು ಪುಟ ಬರೆದಿದ್ದೀಯ. ಮೀನಿನ ತಲೆ ಇದೆ, ಸೂಪಿನ ಡಬ್ಬಿ ಇದೆ. ಕಿಟಕಿ ಇಲ್ಲ.

ನಾಳೆ ಈಸ್ಟರ್. ಬೀದಿಯಲ್ಲಿ ಮಕ್ಕಳು ದೇವದೂತರ ರೆಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಆ ರೆಕ್ಕೆಗಳನ್ನು ಹೊಲಿದವಳು ನಾನೇ, ಈ ವರ್ಷವೂ.

ಉತ್ತರವನ್ನು ಮನೆಗೆ ಕಳಿಸಬೇಡ. ಕೆಳಗಿರುವುದು ಮಾರುಕಟ್ಟೆಯ ನನ್ನ ಹೊಲಿಗೆ ಅಂಗಡಿಯ ವಿಳಾಸ.

ಫೆಲಿಸಿತಾಸ್

&nbsp;

ಅಕಿತಾ
೫ ಮೇ ೨೦೧೯

ಪ್ರೀತಿಯ ತೀತಾ ಫೆಲಿ,

ನಾನು ಹೇಳದೆ ಬಿಟ್ಟದ್ದು ಒಂದಲ್ಲ, ಎರಡು.

ನನ್ನ ಶಾಲೆಯಲ್ಲಿ ಒನೊದೆರಾ ಎಂಬ ಮುದುಕರಿದ್ದಾರೆ. ಗಂಟೆ ಹೊಡೆಯುವುದರಿಂದ ಹಿಡಿದು ಒಡೆದ ಗಾಜು ಹಾಕುವವರೆಗೆ ಎಲ್ಲ ಅವರದೇ. ಕಳೆದ ನವೆಂಬರಿನಲ್ಲಿ ಕಾರ್ಮಾಕ್‌ನ ಕಾರಿಗೆ ಚಳಿಗಾಲದ ಚಕ್ರ ಹಾಕಿಕೊಟ್ಟವರು ಅವರು. ಹಾಕಿ, ಡಿಕ್ಕಿಯಲ್ಲಿ ತಮ್ಮದೇ ಒಂದು ಹಿಮದ ಸಲಿಕೆ ಇಟ್ಟು ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿದರು.

"ಇದನ್ನ ಏಪ್ರಿಲ್ ತನಕ ಇಳಿಸಂಗಿಲ್ಲ. ಹಿಮದಾಗೆ ಸಿಕ್ಕಿಹಾಕ್ಕಂಡ್ರೆ ಮೊದಲು ಏನು ಮಾಡ್ತೀರಿ?"

"ಅಳ್ತೀವಿ" ಎಂದ ರೋಡೆಲ್.

"ಅತ್ತರೆ ಕಣ್ಣೀರೂ ಹೆಪ್ಪುಗಟ್ಟುತ್ತೆ. ಹಿಂದಿನ ಕೊಳವೆ ತೋಡ್ಬೇಕು. ಆಮೇಲೂ ತೋಡ್ಬೇಕು. ಗಾಳಿ ಹೊಡೀದೆ ಇರೋ ಕಡೆ ಕಿಟಕಿ ಎರಡು ಬೆರಳು ಬಿಡ್ಬೇಕು. ಅರ್ಥ ಆಯ್ತಾ, ಬಿಸಿಲು ದೇಶದೋರೇ?"

ನಾವು ಮಿಲಿಟರಿಯವರಂತೆ ಸೆಲ್ಯೂಟ್ ಹೊಡೆದೆವು. ಅವರಿಗೂ ನಗು ಬಂತು.

ಐಸ್‌ಪೆಟ್ಟಿಗೆಗಾಗಿ ಆ ದಿನ ಕೆಳಗಿಳಿಸಿದ ಸಾಮಾನಿನಲ್ಲಿ ಸಲಿಕೆಯೂ ಇತ್ತು. ಇಳಿಸಿದವಳು ನಾನು. ಬಿಸಿಲಿತ್ತು. ಶಾಲೆಯ ಸೈಕಲ್ ಕೊಟ್ಟಿಗೆಗೆ ಒರಗಿಸಿಟ್ಟು ಬಂದೆ. ಸಲಿಕೆಯಿದ್ದಿದ್ದರೆ ನಾವು ದೀಪ ಹುಡುಕಿ ಹೋಗುತ್ತಿರಲಿಲ್ಲ. ಕಾರಿನ ಹತ್ತಿರವೇ ನಿಂತು ತೋಡುತ್ತಿದ್ದೆವು. ಅದನ್ನು ಅಲ್ಲಿ ಕಂಡವರು ಒನೊದೆರಾ. ನನ್ನನ್ನು ಏನೂ ಕೇಳಲಿಲ್ಲ. ಮಾರನೆಯ ದಿನ ಸಲಿಕೆ ಅಲ್ಲಿರಲಿಲ್ಲ. ಅಂದಿನಿಂದ ಶಾಲೆಯಂಗಳದ ಹಿಮವನ್ನು ಅವರು ಹಲಗೆಯಿಂದ ತಳ್ಳುತ್ತಿದ್ದರು.

ಎರಡನೆಯದು ನೀವು ಕೇಳಿದ್ದು. ಹೊರಡುವ ಮೊದಲು ಎಡಗಡೆಯ ಕಿಟಕಿಯನ್ನು ನಾನು ಎರಡು ಬೆರಳಿನಷ್ಟು ಇಳಿಸಿದೆ. ಬೆರಳಿಟ್ಟು ಅಳೆದೆ. "ಮುಚ್ಚಬೇಡ, ಒನೊದೆರಾ ಅಜ್ಜನ ಕಟ್ಟಪ್ಪಣೆ" ಎಂದು ನಗುತ್ತ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅವನಿಗೆ ನೆನಪಿದೆ ಅಂದುಕೊಂಡೆ. ವಾಪಸು ಬಂದಾಗ ಗಾಜು ಪೂರ್ತಿ ಮೇಲಿತ್ತು.

ಇದನ್ನು ಪೊಲೀಸರಿಗೆ ಹೇಳಿದ್ದೇನೆ. ನಿಮಗೆ ಹೇಳುವುದೆಂದರೆ ಸತ್ತವನ ಮೇಲೆ ತಪ್ಪು ಹೊರಿಸಿದಂತೆ ಆಗುತ್ತದೆ ಎಂದು ಸುಮ್ಮನಿದ್ದೆ. ಅವನಿಗೆ ಚಳಿಯಾಗಿರಬೇಕು, ಅಷ್ಟೇ. ಸಲಿಕೆ ಮಾತ್ರ ನನ್ನದು.

ನಿಮ್ಮ,
ಮಾರಿವಿಕ್

&nbsp;

ಬೂಲಾ
೨ ಜೂನ್ ೨೦೧೯

ಮಗಳೇ,

ನಿನ್ನ ಕಾಗದ ಅಂಗಡಿಗೆ ಬಂತು. ಸಲಿಕೆಯ ವಿಷಯ ಓದಿದೆ. ಆ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ಆ ದಿನ ಅವನು ನನಗೆ ಫೋನು ಮಾಡಿದ್ದ.

ಇಲ್ಲಿ ಮಧ್ಯಾಹ್ನ ಮೂರೂ ಕಾಲು, ನಿಮ್ಮಲ್ಲಿ ನಾಲ್ಕೂ ಕಾಲು. ನಾನು ಒಬ್ಬಳು ಹುಡುಗಿಯ ಸಮವಸ್ತ್ರಕ್ಕೆ ಅಳತೆ ಹಿಡಿಯುತ್ತಿದ್ದೆ, ಬಾಯಲ್ಲಿ ಗುಂಡುಸೂಜಿಗಳಿದ್ದವು. ಫೋನನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಮಾತಾಡಿದೆ.

"ನಾನಾಯ್, ಹಿಮದಲ್ಲಿ ಸಿಕ್ಕಿಹಾಕಿಕೊಂಡಿದೀನಿ. ಚಿತ್ರ ಕಳಿಸ್ತೀನಿ, ನೋಡುವಿಯಂತೆ."

"ಕೆಮ್ಮು ಹೇಗಿದೆ?"

"ಇದೆ. ತಲೆ ಸ್ವಲ್ಪ ನೋಯ್ತಿದೆ. ಎಲ್ಲಿಂದಲೋ ಗಾಳಿ ನುಗ್ತಾ ಇದೆ."

ಅವನಿಗೆ ನಾಲ್ಕು ವರ್ಷವಿದ್ದಾಗ ಎದೆಯ ಕಾಯಿಲೆ ಬಂದು ಆರು ತಿಂಗಳು ಮಾತ್ರೆ ನುಂಗಿಸಿದ್ದೆ. ಆಮೇಲೆ ಹದಿನೆಂಟು ತುಂಬುವವರೆಗೂ ಸಂಜೆಯಾಯಿತೆಂದರೆ ಅವನ ಕೋಣೆಯ ಕಿಟಕಿ ಮುಚ್ಚುವವಳು ನಾನೇ. ಈ ಬೀದಿಯಲ್ಲಿ ಯಾವ ತಾಯಿಯನ್ನು ಬೇಕಾದರೂ ಕೇಳು, ಮಕ್ಕಳ ಬೆನ್ನಿಗೆ ತಣ್ಣನೆ ಗಾಳಿ ತಗಲಿಸಬಾರದು ಎನ್ನುತ್ತಾಳೆ.

"ಕಿಟಕಿ ಎಲ್ಲ ನೋಡು. ಒಂದು ಕೂದಲಿನಷ್ಟೂ ಬಿಡಬೇಡ" ಎಂದೆ.

"ಮಾರಿ ಏನೋ ಹೇಳಿ ಹೋದಳು..."

"ಮಾರಿ ನಿನ್ನ ಹೆತ್ತಿದಾಳಾ? ಮುಚ್ಚು. ಹೊದ್ದುಕೊಂಡು ಮಲಗು."

ಅವನು ನಕ್ಕ. "ಸರಿ ನಾನಾಯ್" ಎಂದ. ಹುಡುಗಿ ಅಲುಗಾಡಿದಳು, ಸೂಜಿ ಚುಚ್ಚಿತು. ನಾನು ಫೋನು ಇಟ್ಟೆ.

ನೀನು ಏನು ಹೇಳಿ ಹೋಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಕಿಟಕಿ ಮೊದಲೇ ಮುಚ್ಚಿತ್ತು ಎಂದು ನೀನು ಬರೆಯುತ್ತೀಯ ಅಂತ ಕಾದೆ. ಮುಚ್ಚಿದ್ದ ಕಿಟಕಿಯನ್ನು ಯಾರೂ ಮತ್ತೆ ಮುಚ್ಚಲಾರರಲ್ಲ. ಅದಕ್ಕೇ ಕೇಳಿದ್ದು. ಎರಡು ಸಲ ಕೇಳಿದೆ.

ಅಂಬೊಗೆ ಈ ಕರೆಯ ವಿಷಯ ಗೊತ್ತಿಲ್ಲ.

ನಿಜ ಹೇಳಿದ್ದಕ್ಕೆ ನಿನಗೆ ಒಳ್ಳೆಯದಾಗಲಿ. ಕೇಳಿದವಳು ನಾನೇ.

ಫೆಲಿಸಿತಾಸ್

&nbsp;

ಅಕಿತಾ
೧೬ ಜೂನ್ ೨೦೧೯

ಪ್ರೀತಿಯ ತೀತಾ ಫೆಲಿ,

ನಿಮ್ಮ ಕಾಗದ ತಲುಪಿದ ಮೇಲೆ ಮತ್ತೆ ಮತ್ತೆ ಯೋಚಿಸಿದೆ. ಆ ದಿನದ ನನ್ನ ನೆನಪು ಸರಿಯಿಲ್ಲ. ಕೈ ಮರಗಟ್ಟಿತ್ತು, ಗಾಳಿಯ ಸದ್ದಿನಲ್ಲಿ ಏನು ಮಾಡುತ್ತಿದ್ದೇನೆಂದು ಗೊತ್ತಾಗುತ್ತಿರಲಿಲ್ಲ. ಕಿಟಕಿ ಇಳಿಸಿದ್ದು ನಿಜ. ಆದರೆ ನಾನು ಕಾರಿನಿಂದ ಇಳಿಯುವ ಮುಂಚೆ ಅವನು ಕೆಮ್ಮಿದಾಗ ನಾನೇ ಮತ್ತೆ ಮೇಲೇರಿಸಿದೆ ಎಂದು ತೋರುತ್ತದೆ. ಹೌದು, ಹಾಗೇ ಆಗಿರಬೇಕು. ನೀವು ಹೇಳುವ ಹೊತ್ತಿಗೆ ಅದು ಮುಚ್ಚಿಯೇ ಇತ್ತು. ಗಾಳಿ ನುಗ್ಗುತ್ತಿದ್ದದ್ದು ಹಳೆಯ ಕಾರಿನ ಬಾಗಿಲ ಸಂದಿಯಿಂದ ಇರಬಹುದು.

ದಯವಿಟ್ಟು ಹಿಂದಿನ ಕಾಗದವನ್ನು ಹರಿದುಹಾಕಿ.

ನಿಮ್ಮ,
ಮಾರಿವಿಕ್

&nbsp;

ಬೂಲಾ
೧೪ ಜುಲೈ ೨೦೧೯

ಮಗಳೇ ಮಾರಿವಿಕ್,

ಹಿಂದಿನ ಕಾಗದವನ್ನು ಅಂಗಡಿಯ ಹಿಂದೆ, ಚಿಂದಿ ಸುಡುವಲ್ಲಿ ಸುಟ್ಟೆ. ಈಗಿನದನ್ನು ಇಟ್ಟುಕೊಂಡಿದ್ದೇನೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದಿದ್ದೀಯ.

ಅಂಬೊ ಕಳೆದ ವಾರ ಗಾಡಿ ಶುರು ಮಾಡಿದರು. ನೇರವಾಗಿ ನಾಗಾ ಪಟ್ಟಣಕ್ಕೆ ಹೋಗಿ ರೋಡೆಲ್‌ನ ಫೋನನ್ನು ರಿಪೇರಿ ಅಂಗಡಿಗೆ ಕೊಟ್ಟು ಬಂದಿದ್ದಾರೆ. "ಅದರಲ್ಲಿ ಅವನ ಚಿತ್ರಗಳು ಇರ್ತಾವೆ ಫೆಲಿ, ಹಿಮದಲ್ಲಿ ನಿಂತಿರೋದು" ಎಂದರು. ಇರುತ್ತವೆ. ಕರೆಗಳ ಪಟ್ಟಿಯೂ ಇರುತ್ತದೆ. ಅದರಲ್ಲಿ ಕೊನೆಯದು ನನ್ನದು, ಎರಡು ನಿಮಿಷ. ಏನು ಮಾತಾಡಿದಿರಿ ಎಂದು ಕೇಳುತ್ತಾರೆ. ಮೂವತ್ತೊಂದು ವರ್ಷ ಜೊತೆಗಿದ್ದ ಮನುಷ್ಯನ ಮುಂದೆ ನನಗೂ ಸುಳ್ಳು ಬರುವುದಿಲ್ಲ. ಚಳಿ ಎಂದ, ಮುಚ್ಚಿಕೋ ಎಂದೆ ಅಂತ ಹೇಳಿಬಿಡುತ್ತೇನೆ. ಆಮೇಲೆ ಅವರು ಮತ್ತೆ ಗಾಡಿ ಶುರು ಮಾಡುವುದಿಲ್ಲ. ನನ್ನ ಕೈಯ ಅನ್ನವನ್ನೂ ಉಣ್ಣಲಿಕ್ಕಿಲ್ಲ. ಕಿಟಕಿ ಅದಕ್ಕೂ ಮೊದಲೇ ಮುಚ್ಚಿತ್ತು ಎಂದು ಅವರಿಗೆ ಗೊತ್ತಿದ್ದರೆ ಬೇರೆ ಮಾತು.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ಅವರು ಕಾಗದ ಓದುವ ರೀತಿಯನ್ನಷ್ಟೇ ಹೇಳುತ್ತೇನೆ. ಆರನೇ ತರಗತಿಗೆ ಬಿಟ್ಟವರು, ಒಂದೊಂದು ಮಾತಿನ ಕೆಳಗೂ ಬೆರಳಿಟ್ಟು ಓದುತ್ತಾರೆ. "ತೋರುತ್ತದೆ" ಎಂಬಲ್ಲಿ ಬೆರಳು ನಿಲ್ಲುತ್ತದೆ. "ಇರಬೇಕು" ಎಂಬಲ್ಲೂ ನಿಲ್ಲುತ್ತದೆ.

ಅವರ ಸಿಟ್ಟು ನಿನಗೆ ಅಷ್ಟು ದೂರಕ್ಕೆ ಕೇಳಿಸುವುದಿಲ್ಲ.

ಮನೆಯ ವಿಳಾಸ ನಿನ್ನ ಹತ್ತಿರ ಇದೆ.

ಫೆಲಿ

&nbsp;

ಅಕಿತಾ
೨೮ ಜುಲೈ ೨೦೧೯

ಗೌರವಾನ್ವಿತ ತೀತೊ ಅಂಬೊ, ತೀತಾ ಫೆಲಿ ಅವರಿಗೆ,

ಇಷ್ಟು ದಿನ ಹೇಳಲು ಧೈರ್ಯವಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಜನವರಿ ಇಪ್ಪತ್ತಾರರಂದು ಕಾರು ಹಿಮದಲ್ಲಿ ಸಿಕ್ಕಿದಾಗ ಎಡಗಡೆಯ ಕಿಟಕಿ ಎರಡು ಬೆರಳಿನಷ್ಟು ತೆರೆದಿತ್ತು. ತೆರೆದಿರಬೇಕು ಎಂದು ನಮಗೆ ಮೊದಲೇ ತಿಳಿಸಿದ್ದರು. ಹೊರಡುವಾಗ ನಾನು ಅದನ್ನು ಮುಚ್ಚಿದೆ. ರೋಡೆಲ್ "ಇರಲಿ ಬಿಡು, ಗಾಳಿ ಬರಲಿ" ಎಂದ. ನಾನು ಕೇಳಲಿಲ್ಲ. ಗುಂಡಿ ಒತ್ತಿ ಗಾಜು ಮೇಲೇರಿಸಿದೆ. ಪೂರ್ತಿ ಮುಚ್ಚಿತೋ ಇಲ್ಲವೋ ಎಂದು ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದೆ.

ಮುಚ್ಚಿತ್ತು.

ಮಾರಿವಿಕ್ ನಕಾರಿಯೊ